ಗೋಡೆಯ ಸ್ವಿಚ್ಚೂ ಉಳಿಯಲಿ, ಕೈಯ ಫೋನೂ ಕೆಲಸ ಮಾಡಲಿ: ಮನೆ ನಿಯಂತ್ರಣದ ಸಮಗ್ರ ಮಾರ್ಗದರ್ಶಿ

ನಮ್ಮ ಮನೆಯ ಸಂಪಿನ ಮೋಟಾರಿಗೆ ಸ್ವಿಚ್ಚು ಇರುವುದು ಮೆಟ್ಟಿಲ ಕೆಳಗೆ. ಟ್ಯಾಂಕ್ ತುಂಬಿತೇ ಎಂದು ನೋಡಲು ತಾರಸಿಗೆ ಹತ್ತಬೇಕು, ನಿಲ್ಲಿಸಲು ಮತ್ತೆ ಇಳಿಯಬೇಕು. ಎಪ್ಪತ್ತು ದಾಟಿದ ಅಮ್ಮನಿಗೆ ಮಂಡಿನೋವು. ಮನೆಯ ಸ್ವಿಚ್ಚುಗಳನ್ನು ಫೋನಿನಿಂದಲೂ ನಡೆಸುವ ಈ ಕೆಲಸಕ್ಕೆ ನಾನು ಕೈಹಾಕಿದ್ದೇ ಆ ಒಂದು ಸ್ವಿಚ್ಚಿನಿಂದಾಗಿ. ಈಗ ಹಾಲ್‌ನ ಗೋಡೆಯಲ್ಲಿರುವ ಹಳೆಯ ಟ್ಯಾಬ್ಲೆಟ್‌ನಲ್ಲಿ ‘ಟ್ಯಾಂಕ್ ನೀರು’ ಎಂದು ಬರೆದ ದೊಡ್ಡ ಗುಂಡಿಯಿದೆ. ಅಮ್ಮ ಅದನ್ನು ಒತ್ತಿ ಅಡುಗೆಮನೆಗೆ ಹೋಗುತ್ತಾರೆ. ಟ್ಯಾಂಕ್ ತುಂಬಿದಾಗ ಮೋಟಾರ್ ತಾನೇ ನಿಲ್ಲುತ್ತದೆ.

ಈ ಬರಹದುದ್ದಕ್ಕೂ ನಾನು ಬಿಟ್ಟುಕೊಡದ ಮಾತು ಒಂದೇ. ಇಂಟರ್ನೆಟ್ ಇಲ್ಲದ ದಿನವೂ, ಫೋನ್ ಹಿಡಿಯಲು ಬಾರದವರ ಕೈಯಲ್ಲೂ, ಮನೆ ಮೊದಲಿನಂತೆಯೇ ನಡೆಯಬೇಕು. ಫೋನು ಹೆಚ್ಚುವರಿ ಕೈ; ಗೋಡೆಯ ಸ್ವಿಚ್ಚಿನ ಜಾಗವನ್ನು ಅದು ಕಸಿದುಕೊಳ್ಳಬಾರದು. ಮುಂದೆ ಹೇಳುವ ಪ್ರತಿಯೊಂದು ಹೆಜ್ಜೆಯೂ ಇದನ್ನು ಇಟ್ಟುಕೊಂಡೇ ಬಂದಿದೆ.

ಮೊದಲು ಕಾಗದ, ಪೆನ್ನು

ಏನನ್ನೂ ಕೊಳ್ಳುವ ಮುನ್ನ ಮನೆಯನ್ನು ಒಮ್ಮೆ ಸುತ್ತಿ ಬನ್ನಿ. ಪ್ರತಿ ಕೋಣೆಯಲ್ಲಿ ಯಾವ ಬೋರ್ಡ್, ಎಷ್ಟು ಸ್ವಿಚ್ಚು, ಯಾವುದು ಯಾವುದಕ್ಕೆ ಎಂದು ಬರೆಯಿರಿ. ಪಕ್ಕದಲ್ಲಿ ಆ ಉಪಕರಣದ ವ್ಯಾಟ್ ಬರೆಯಿರಿ. ಉಪಕರಣದ ಹಿಂದೆ ಅಂಟಿಸಿದ ಚೀಟಿಯಲ್ಲಿ ಅದು ಇರುತ್ತದೆ. ವ್ಯಾಟನ್ನು 230ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 2000 ವ್ಯಾಟಿನ ಗೀಸರ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ, 3000 ವ್ಯಾಟಿನದು 13. ಹಾಗಾಗಿ 6 ಆಂಪಿಯರ್‌ನ ಸ್ಮಾರ್ಟ್ ಪ್ಲಗ್ಗಿಗೆ (ಫೋನಿನಿಂದ ಆನ್, ಆಫ್ ಮಾಡಬಹುದಾದ ಪ್ಲಗ್ಗು) ಗೀಸರ್ ಸಿಕ್ಕಿಸುವಂತಿಲ್ಲ. 16 ಆಂಪಿಯರ್‌ನದೇ ಬೇಕು. ಈ ಒಂದು ಭಾಗಾಕಾರ ಮಾಡದೆ ಪ್ಲಗ್ಗು ಕರಗಿಸಿಕೊಂಡವರನ್ನು ಕಂಡಿದ್ದೇನೆ.

ಪಟ್ಟಿಯಲ್ಲಿರುವ ಎಲ್ಲವನ್ನೂ ಫೋನಿಗೆ ತರುವ ಅಗತ್ಯವಿಲ್ಲ. ಮಿಕ್ಸಿ, ಗ್ರೈಂಡರ್, ಇಸ್ತ್ರಿಪೆಟ್ಟಿಗೆಯಂಥವನ್ನು ಎದುರಿಗೆ ನಿಂತೇ ನಡೆಸಬೇಕು. ಅವನ್ನು ದೂರದಿಂದ ಆನ್ ಮಾಡುವಂತಿರುವುದೇ ಅಪಾಯ. ಗೇಟಿನ ದೀಪ, ಮೆಟ್ಟಿಲ ದೀಪ, ಗೀಸರ್, ಮೋಟಾರ್, ಮಲಗುವ ಕೋಣೆಯ ಫ್ಯಾನ್: ಬಹುತೇಕ ಮನೆಗಳಿಗೆ ಇಷ್ಟು ಸಾಕು.

ವೈಫೈ ಸರಿಯಿಲ್ಲದಿದ್ದರೆ ಯಾವುದೂ ಸರಿಯಿರದು

ಅಗ್ಗದ ಸ್ಮಾರ್ಟ್ ಪ್ಲಗ್, ಸ್ವಿಚ್‌ಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. ನಿಮ್ಮ ರೂಟರ್ 2.4 ಮತ್ತು 5 ಎರಡನ್ನೂ ಒಂದೇ ಹೆಸರಿನಲ್ಲಿ ಬಿತ್ತರಿಸುತ್ತಿದ್ದರೆ ಜೋಡಣೆಯ ಹೊತ್ತಿನಲ್ಲಿ ತೊಡಕಾಗಬಹುದು. ರೂಟರಿನ ಸೆಟ್ಟಿಂಗ್‌ಗೆ ಹೋಗಿ 2.4ಕ್ಕೆ ಬೇರೆ ಹೆಸರು ಕೊಡಿ. ಹೆಸರು, ಪಾಸ್‌ವರ್ಡ್ ಒಮ್ಮೆ ಇಟ್ಟ ಮೇಲೆ ಬದಲಿಸಬೇಡಿ; ಬದಲಿಸಿದರೆ ಪ್ರತಿಯೊಂದು ಸಾಧನವನ್ನೂ ಮೊದಲಿನಿಂದ ಜೋಡಿಸಬೇಕಾಗುತ್ತದೆ.

ಮೆಟ್ಟಿಲ ಕೆಳಗೆ, ಗೇಟಿನ ಬಳಿ, ತಾರಸಿಯಲ್ಲಿ ಫೋನ್ ಹಿಡಿದು ನಿಂತು ಸಿಗ್ನಲ್ ನೋಡಿ. ಫೋನಿಗೇ ಒಂದು ಗೆರೆ ಸಿಗದ ಕಡೆ ಲೋಹದ ಬಾಕ್ಸ್ ಒಳಗಿನ ಪುಟ್ಟ ಸಾಧನಕ್ಕೆ ಏನು ಸಿಕ್ಕೀತು? ಅಂಥ ಕಡೆ ಮೊದಲು ವೈಫೈ ಹಬ್ಬಿಸುವ ಇನ್ನೊಂದು ಪೆಟ್ಟಿಗೆ, ಅಂದರೆ ಆ್ಯಕ್ಸೆಸ್ ಪಾಯಿಂಟ್, ಹಾಕಿಸಿ.

ಕರೆಂಟ್ ಹೋದಾಗ ರೂಟರ್ ಬದುಕಿರಬೇಕು. ಮನೆಯ ದೊಡ್ಡ ಯುಪಿಎಸ್‌ಗೆ ಕೊಟ್ಟಿದ್ದರೂ ಬದಲಾಗುವ ಆ ಕ್ಷಣಾರ್ಧದಲ್ಲಿ ಕೆಲವು ರೂಟರ್‌ಗಳು ಆರಿ ಮತ್ತೆ ಹೊತ್ತಿಕೊಳ್ಳುತ್ತವೆ, ಎರಡು ನಿಮಿಷ ಎಲ್ಲವೂ ಸ್ತಬ್ಧ. ರೂಟರಿಗೆಂದೇ ಸಿಗುವ 12 ವೋಲ್ಟಿನ ಚಿಕ್ಕ ಯುಪಿಎಸ್ ಇದಕ್ಕೆ ಒಳ್ಳೆಯ ಪರಿಹಾರ. ಫೈಬರ್ ಸಂಪರ್ಕದ ಪೆಟ್ಟಿಗೆ ರೂಟರಿನಿಂದ ಪ್ರತ್ಯೇಕವಾಗಿದ್ದರೆ ಅದಕ್ಕೂ ಬ್ಯಾಟರಿ ಬೆಂಬಲ ಬೇಕೆಂಬುದು ನೆನಪಿರಲಿ.

ಯಾವ ಬಗೆಯ ಸಾಧನ?

ವೈಫೈ ಸಾಧನಗಳು ನೇರ ರೂಟರಿಗೆ ಸೇರುತ್ತವೆ, ಸುಲಭ. ಜಿಗ್‌ಬಿ ಎಂಬುದು ವೈಫೈಗಿಂತ ಬೇರೆಯಾದ ನಿಸ್ತಂತು ವಿಧಾನ; ಆ ಸಾಧನಗಳಿಗೆ ರೂಟರಿನ ನಡುವೆ ಹಬ್ ಎಂಬ ಜೋಡಿಸುವ ಪೆಟ್ಟಿಗೆ ಬೇಕು. ಆದರೆ ವಿದ್ಯುತ್ ತೀರ ಕಡಿಮೆ ಸಾಕು, ಕರೆಂಟಿಗೆ ಸದಾ ಜೋಡಿಸಿರುವ ಜಿಗ್‌ಬಿ ಸಾಧನಗಳು ಒಂದರಿಂದ ಒಂದಕ್ಕೆ ಸಂದೇಶ ದಾಟಿಸುತ್ತವೆ. ಮೂರನೆಯದು ಮ್ಯಾಟರ್. 2022ರ ಅಕ್ಟೋಬರಿನಲ್ಲಿ ಇದರ ಮೊದಲ ಆವೃತ್ತಿ ಹೊರಬಂತು. ಗೂಗಲ್, ಆ್ಯಪಲ್, ಅಮೆಜಾನ್ ಮೂರೂ ಒಪ್ಪಿಕೊಂಡ ಸಮಾನ ಭಾಷೆ ಇದು. ಮ್ಯಾಟರ್ ಗುರುತಿರುವ ಪ್ಲಗ್ ಒಂದನ್ನು ನಿಮ್ಮ ಆಂಡ್ರಾಯ್ಡ್ ಫೋನಿಗೂ ಮಗಳ ಐಫೋನಿಗೂ ಒಟ್ಟಿಗೆ ಸೇರಿಸಬಹುದು. ಮುಖ್ಯವಾಗಿ, ಅದು ಮನೆಯೊಳಗಿನ ಜಾಲದಲ್ಲೇ ಮಾತಾಡುತ್ತದೆ. ಪ್ರತಿ ಆಜ್ಞೆಯೂ ಕಂಪನಿಯ ದೂರದ ಕಂಪ್ಯೂಟರಿಗೆ, ಅಂದರೆ ಸರ್ವರ್‌ಗೆ, ಹೋಗಿ ಬರುವ ಅಗತ್ಯವಿಲ್ಲ.

ಇದು ಯಾಕೆ ಮುಖ್ಯ ಎಂದು ನನಗೆ ಒಂದು ಡಿಸೆಂಬರ್ ಬೆಳಗಿನ ಜಾವ ತಿಳಿಯಿತು. ಆಗ ನಾನು ಬಳಸುತ್ತಿದ್ದ ಕಂಪನಿಯೊಂದರ ಸರ್ವರ್ ಕೆಟ್ಟು ಗೀಸರ್ ಆನ್ ಆಗಲೇ ಇಲ್ಲ. ಪ್ಲಗ್ಗು ಮನೆಯಲ್ಲಿದೆ, ಫೋನು ಕೈಯಲ್ಲಿದೆ, ಎರಡರ ನಡುವೆ ಹತ್ತು ಅಡಿ. ಆದರೂ ಅಮ್ಮ ತಣ್ಣೀರಿನ ಮುಂದೆ ನಿಂತಿದ್ದರು. ಅಂದಿನಿಂದ ಏನೇ ಕೊಂಡರೂ ‘ಇಂಟರ್ನೆಟ್ ಇಲ್ಲದೆ ನಡೆಯುತ್ತದೆಯೇ’ ಎಂಬುದೇ ನನ್ನ ಮೊದಲ ಪ್ರಶ್ನೆ.

ಸ್ಮಾರ್ಟ್ ಬಲ್ಬ್‌ಗಳ ಬಗ್ಗೆ ಒಂದು ಮಾತು. ಯಾರಾದರೂ ಗೋಡೆಯ ಸ್ವಿಚ್ ಆರಿಸಿದರೆ ಬಲ್ಬಿಗೆ ವಿದ್ಯುತ್ತೇ ಇಲ್ಲ, ಫೋನಿನಲ್ಲಿ ಎಷ್ಟು ಒತ್ತಿದರೂ ಹೊತ್ತದು. ಬಣ್ಣ ಬದಲಿಸುವ ದೀಪ ಬೇಕೆಂಬ ಆಸೆಯಿದ್ದರೆ ಒಂದೆರಡು ಕೊಳ್ಳಿ. ಉಳಿದ ಕಡೆ ಸಾಮಾನ್ಯ ಬಲ್ಬೇ ಇರಲಿ, ಸ್ವಿಚ್ಚಿನ ಹಿಂದೆ ಸ್ಮಾರ್ಟ್ ಮಾಡ್ಯೂಲ್ ಎಂಬ ಪುಟ್ಟ ಡಬ್ಬಿ ಕೂರಿಸೋಣ; ಅದು ಫೋನಿನ ಆಜ್ಞೆಯಂತೆ ದೀಪ ಹೊತ್ತಿಸಿ ಆರಿಸುತ್ತದೆ.

ಮೊದಲ ಪ್ಲಗ್ ಜೋಡಿಸುವುದು

ಕಲಿಯಲು ಒಂದು ಸ್ಮಾರ್ಟ್ ಪ್ಲಗ್ಗಿನಿಂದ ಆರಂಭಿಸಿ. ತಂತಿ ಮುಟ್ಟುವ ಕೆಲಸವಿಲ್ಲ. ಫೋನನ್ನು 2.4ರ ವೈಫೈಗೆ ಸೇರಿಸಿ, ಬ್ಲೂಟೂತ್ ಮತ್ತು ಲೊಕೇಶನ್ ಆನ್ ಮಾಡಿ. ತಯಾರಕರ ಆ್ಯಪ್ ಅಳವಡಿಸಿ, ಖಾತೆ ತೆರೆಯಿರಿ. ಪ್ಲಗ್ಗನ್ನು ರೂಟರಿನ ಹತ್ತಿರದ ಸಾಕೆಟ್ಟಿಗೆ ಹಾಕಿ, ಅದರ ಗುಂಡಿಯನ್ನು ಐದಾರು ಸೆಕೆಂಡ್ ಒತ್ತಿ ಹಿಡಿಯಿರಿ. ಪುಟ್ಟ ದೀಪ ಬೇಗ ಬೇಗ ಮಿನುಗತೊಡಗಿದರೆ ಪ್ಲಗ್ಗು ಜೋಡಣೆಗೆ ಸಿದ್ಧ ಎಂದರ್ಥ. ಆ್ಯಪಿನಲ್ಲಿ ಕೂಡಿಸುವ ಚಿಹ್ನೆ ಒತ್ತಿ, ಸಾಧನ ಕಂಡಾಗ ವೈಫೈ ಪಾಸ್‌ವರ್ಡ್ ಕೊಡಿ. ಮಿನುಗು ನಿಂತು ದೀಪ ಸ್ಥಿರವಾದರೆ ಸೇರಿತು. ಸೇರದಿದ್ದರೆ ಮೊಬೈಲ್ ಡೇಟಾ ಆರಿಸಿ ಮತ್ತೊಮ್ಮೆ ಪ್ರಯತ್ನಿಸಿ.

ಮ್ಯಾಟರ್ ಸಾಧನವಾದರೆ ಪೆಟ್ಟಿಗೆಯ ಮೇಲೋ ಸಾಧನದ ಮೇಲೋ ಕ್ಯೂಆರ್ ಚಿತ್ರ ಮತ್ತು 11 ಅಂಕಿಯ ಸಂಖ್ಯೆ ಇರುತ್ತದೆ. ಗೋಡೆಯೊಳಗೆ ಕೂರಿಸುವ ಮೊದಲೇ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಆಮೇಲೆ ಅದಕ್ಕಾಗಿ ಬೋರ್ಡ್ ಬಿಚ್ಚುವಂತಾಗಬಾರದು.

ಹೆಸರಿಡುವಾಗ ಅವಸರ ಬೇಡ. ‘ಪ್ಲಗ್ 3’ ಎಂದಿಟ್ಟರೆ ಮುಂದಿನ ತಿಂಗಳು ನಿಮಗೇ ಗೊತ್ತಾಗದು. ಮನೆಯವರು ಕರೆಯುವ ಹೆಸರನ್ನೇ ಇಡಿ: ‘ದೇವರ ಮನೆ ದೀಪ’, ‘ಹಿತ್ತಿಲ ಲೈಟ್’.

ಸ್ವಿಚ್ ಬೋರ್ಡಿನ ಒಳಗೆ

ಇಲ್ಲಿಂದ ಮುಂದಿನದು ಎಲೆಕ್ಟ್ರಿಷಿಯನ್ ಮಾಡಬೇಕಾದ ಕೆಲಸ. ನೀವು ಪಕ್ಕದಲ್ಲಿ ನಿಂತು ಏನು ಕೇಳಬೇಕೆಂದು ತಿಳಿದಿದ್ದರೆ ಸಾಕು. ಬಹುತೇಕ ಮಾಡ್ಯೂಲ್‌ಗಳು ಸದಾ ಎಚ್ಚರವಾಗಿರಲು ವಿದ್ಯುತ್ ತರುವ ಫೇಸ್ ಜೊತೆಗೆ ಅದು ಹಿಂದಿರುಗುವ ನ್ಯೂಟ್ರಲ್ ತಂತಿಯೂ ಬೇಕು. ಸಾಕೆಟ್ ಇರುವ ಬೋರ್ಡಿನಲ್ಲಿ ನ್ಯೂಟ್ರಲ್ ಇದ್ದೇ ಇರುತ್ತದೆ. ಬರೀ ಸ್ವಿಚ್ಚುಗಳಿರುವ ಸಣ್ಣ ಬೋರ್ಡಿನಲ್ಲಿ ಇಲ್ಲದಿರಬಹುದು. ಆಗ ಪಕ್ಕದ ಬೋರ್ಡಿನಿಂದ ಪೈಪಿನೊಳಗೆ ಒಂದು ತಂತಿ ಎಳೆಯಬೇಕಾಗುತ್ತದೆ. ಆದರೆ ಅದೇ ಸರ್ಕ್ಯೂಟಿನ ನ್ಯೂಟ್ರಲ್ ಆಗಿರಬೇಕು. ಬೇರೆ ಸರ್ಕ್ಯೂಟಿನದನ್ನು ಬೆರೆಸಿದರೆ ಮನೆಯ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ರಕ್ಷಣಾ ಸ್ವಿಚ್) ಪದೇ ಪದೇ ಬೀಳಬಹುದು.

ಎಲೆಕ್ಟ್ರಿಷಿಯನ್ ಮೊದಲು ಆ ಬೋರ್ಡಿನ ವಿದ್ಯುತ್ ಕಡಿಯುವ ಎಂಸಿಬಿ ಸ್ವಿಚ್ ಇಳಿಸಿ, ಟೆಸ್ಟರ್‌ನಲ್ಲಿ ನೋಡಿ, ಬಿಚ್ಚುವ ಮುನ್ನ ತಂತಿಗಳ ಫೋಟೊ ತೆಗೆಯಲಿ. ಮಾಡ್ಯೂಲ್ ಸ್ವಿಚ್ಚಿನ ಹಿಂದೆ ಕೂತು, ಗೋಡೆಯ ಸ್ವಿಚ್ಚಿನ ಎರಡು ತಂತಿಗಳು ಅದರ ಸ್ವಿಚ್ ಸಂಪರ್ಕಕ್ಕೆ ಬರಬೇಕು. ಹೀಗೆ ಮಾಡಿದಾಗ ಗೋಡೆಯಿಂದಲೂ ಫೋನಿನಿಂದಲೂ ದೀಪ ನಡೆಯುತ್ತದೆ, ವೈಫೈ ಸತ್ತರೂ ಸ್ವಿಚ್ ಕೆಲಸ ಮಾಡುತ್ತದೆ. ಮೆಟ್ಟಿಲಿಗೆ ಮೇಲೊಂದು ಕೆಳಗೊಂದು ಟೂ-ವೇ ಸ್ವಿಚ್ ಇದ್ದರೆ, ಅದಕ್ಕೆ ಹೊಂದುವ ಮಾಡ್ಯೂಲೇ ಎಂದು ಕೊಳ್ಳುವ ಮೊದಲೇ ಕೇಳಿ.

ರಿಮೋಟ್ ಇರುವ ಬಿಎಲ್‌ಡಿಸಿ ಫ್ಯಾನಿಗೆ (ಕಡಿಮೆ ವಿದ್ಯುತ್ ಸಾಕಾಗುವ ಹೊಸ ಬಗೆಯ ಫ್ಯಾನು) ವೇಗ ತಗ್ಗಿಸುವ ಮಾಡ್ಯೂಲ್ ಹಾಕಬೇಡಿ, ಅದರ ಎಲೆಕ್ಟ್ರಾನಿಕ್ಸ್ ಹಾಳಾಗುತ್ತದೆ. ಅದರ ರಿಮೋಟ್ ಇನ್‌ಫ್ರಾರೆಡ್ ಆಗಿದ್ದರೆ ಐಆರ್ ಬ್ಲಾಸ್ಟರ್ ಎಂಬ ಪುಟ್ಟ ಡಬ್ಬಿಗೆ ಆ ಸಂಕೇತ ಕಲಿಸಿ. ಎಸಿ, ಟಿವಿಗೂ ಅದೇ ಡಬ್ಬಿ ಸಾಕು.

ಗೀಸರ್ ಮತ್ತು ಮೋಟಾರ್

ಹೆಚ್ಚು ಉಪಯೋಗ, ಹೆಚ್ಚು ಅಪಾಯ ಎರಡೂ ಇರುವುದು ಇಲ್ಲೇ. ಹಾಗಾಗಿ ನಿಧಾನವಾಗಿ ನೋಡೋಣ.

ಗೀಸರ್ ಸರಳ. ಒಳಗಿನ ಥರ್ಮೋಸ್ಟಾಟ್ ತನ್ನ ಕೆಲಸ ಮಾಡುತ್ತಲೇ ಇರುತ್ತದೆ, ನೀವು ಕೊಡುವುದು ವಿದ್ಯುತ್ ಮಾತ್ರ. ಬೆಳಗ್ಗೆ 5.45ಕ್ಕೆ ಆನ್, 6.30ಕ್ಕೆ ಆಫ್ ಎಂದು ವೇಳಾಪಟ್ಟಿ ಹಾಕಿ. ಅದರ ಜೊತೆಗೆ ಎರಡು ಸೆಟ್ಟಿಂಗ್ ಕಡ್ಡಾಯ. ಮೊದಲನೆಯದು, ಯಾರು ಯಾವಾಗ ಆನ್ ಮಾಡಿದರೂ ನಿಗದಿತ ಸಮಯದ ನಂತರ ತಾನೇ ಆರುವ ಟೈಮರ್. ಇದು ಫೋನಿನಲ್ಲಿ ಅಲ್ಲದೆ ಸಾಧನದಲ್ಲೇ ಉಳಿಯುವಂಥದ್ದಾಗಿರಬೇಕು. ಎರಡನೆಯದು, ಕರೆಂಟ್ ಹೋಗಿ ಬಂದಾಗ ಸಾಧನ ಯಾವ ಸ್ಥಿತಿಯಲ್ಲಿರಬೇಕು ಎಂಬುದು. ಆನ್, ಆಫ್, ಹಿಂದಿನ ಸ್ಥಿತಿ ಎಂಬ ಮೂರು ಆಯ್ಕೆ ಇರುತ್ತವೆ. ಗೀಸರಿಗೂ ಮೋಟಾರಿಗೂ ‘ಆಫ್’ ಆಯ್ಕೆಯನ್ನೇ ಒತ್ತಿ. ಊರಿಗೆ ಹೋದಾಗ ಕರೆಂಟ್ ಹೋಗಿ ಬಂದು ಗೀಸರ್ ತಾನೇ ಹೊತ್ತಿಕೊಳ್ಳಬಾರದು.

ಮೋಟಾರ್ ಬೇರೆ ಬಗೆಯದು. ಒಂದು ಎಚ್‌ಪಿ ಎಂದರೆ 746 ವ್ಯಾಟ್, ಅಷ್ಟೇ ತಾನೇ ಎಂದು 16 ಆಂಪಿಯರ್ ಪ್ಲಗ್ಗಿಗೆ ಸಿಕ್ಕಿಸಬೇಡಿ. ಮೋಟಾರ್ ಹೊರಡುವಾಗ ಓಡುವ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಪ್ಲಗ್ಗಿನೊಳಗೆ ರಿಲೇ ಎಂಬ ಪುಟ್ಟ ಸ್ವಿಚ್ಚಿನ ಸಂಪರ್ಕಗಳು ಆ ಹೊಡೆತಕ್ಕೆ ಬೆಸೆದು ಹೋಗಬಹುದು. ಆಗ ಆ್ಯಪ್ ‘ಆಫ್’ ಎಂದು ತೋರಿಸುತ್ತದೆ, ಮೋಟಾರ್ ಓಡುತ್ತಲೇ ಇರುತ್ತದೆ.

ದಾರಿ ಹೀಗಿದೆ. ಮೋಟಾರಿನ ಕರೆಂಟನ್ನು ಕಾಂಟ್ಯಾಕ್ಟರ್ ಎಂಬ ಗಟ್ಟಿ ಸ್ವಿಚ್ ಹೊರಲಿ; ಒಳಗಿನ ಕಾಯಿಲ್ಲಿಗೆ, ಅಂದರೆ ತಂತಿಯ ಸುರುಳಿಗೆ, ವಿದ್ಯುತ್ ಸಿಕ್ಕಾಗ ಅದು ಆನ್ ಆಗುತ್ತದೆ. ಸ್ಮಾರ್ಟ್ ಮಾಡ್ಯೂಲ್ ಆ ಕಾಂಟ್ಯಾಕ್ಟರಿನ ಕಾಯಿಲ್ಲಿಗೆ ಮಾತ್ರ ವಿದ್ಯುತ್ ಕೊಡಲಿ. ಕಾಯಿಲ್ಲಿಗೆ ಬೇಕಾದದ್ದು ತೀರ ಅಲ್ಪ. ಹಳೆಯ ಗೋಡೆ ಸ್ವಿಚ್ಚನ್ನು ಮಾಡ್ಯೂಲಿಗೆ ಸಮಾನಾಂತರವಾಗಿ ಉಳಿಸಿ, ಮಾಡ್ಯೂಲ್ ಕೆಟ್ಟರೂ ಕೈಯಲ್ಲಿ ನಡೆಸಬಹುದು. ಇನ್ನು, ತಾರಸಿಯ ಟ್ಯಾಂಕಿನಲ್ಲೊಂದು, ಸಂಪಿನಲ್ಲೊಂದು ಫ್ಲೋಟ್ ಸ್ವಿಚ್ (ನೀರಿನ ಮೇಲೆ ತೇಲುತ್ತ ಮಟ್ಟಕ್ಕೆ ತಕ್ಕಂತೆ ಆನ್, ಆಫ್ ಆಗುವ ಸ್ವಿಚ್) ಇಳಿಬಿಟ್ಟು, ಎರಡನ್ನೂ ಕಾಯಿಲ್ಲಿನ ದಾರಿಯಲ್ಲೇ ಸರಣಿಯಾಗಿ ಕೂಡಿಸಿ. ಮೇಲೆ ತುಂಬಿದರೂ, ಕೆಳಗೆ ಬರಿದಾದರೂ ಕಾಯಿಲ್ಲಿಗೆ ವಿದ್ಯುತ್ ತಪ್ಪಿ ಮೋಟಾರ್ ನಿಲ್ಲುತ್ತದೆ. ಈ ನಿಲುಗಡೆಗೆ ಆ್ಯಪ್ ಬೇಡ, ವೈಫೈ ಬೇಡ, ಯಾರ ನೆನಪೂ ಬೇಡ. ನಮ್ಮ ಮನೆಯ ವ್ಯವಸ್ಥೆಯಲ್ಲಿ ನಾನು ಅತಿ ಹೆಚ್ಚು ನಂಬುವ ಭಾಗ ಈ ಎರಡು ಪ್ಲಾಸ್ಟಿಕ್ ತೇಲುಗಳು.

ಆದರೂ ಇನ್ನೊಂದು ಕಾವಲಿರಲಿ. ಟ್ಯಾಂಕ್ ಖಾಲಿಯಿಂದ ತುಂಬಲು ಎಷ್ಟು ನಿಮಿಷ ಹಿಡಿಯುತ್ತದೆ ಎಂದು ಗಡಿಯಾರ ಹಿಡಿದು ಅಳೆಯಿರಿ. ನಮ್ಮಲ್ಲಿ 25 ನಿಮಿಷ. ಮಾಡ್ಯೂಲಿನ ಟೈಮರನ್ನು 35ಕ್ಕೆ ಇಟ್ಟಿದ್ದೇನೆ. ಬೋರ್‌ವೆಲ್ ಮೋಟಾರಿಗೆ ಹಸಿರು, ಕೆಂಪು ಗುಂಡಿಗಳ ಸ್ಟಾರ್ಟರ್ ಪೆಟ್ಟಿಗೆ ಇದ್ದರೆ ವೈರಿಂಗ್ ಬೇರೆ. ಅದನ್ನು ಮೋಟಾರ್ ಕೆಲಸ ಬಲ್ಲವರಿಗೇ ಬಿಡಿ. ನಮ್ಮ ಹಳ್ಳಿಗಳ ರೈತರು ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್‌ಗಳಿಂದ ತೋಟದ ಪಂಪ್‌ಸೆಟ್ಟನ್ನು ಮನೆಯಿಂದಲೇ ನಡೆಸುತ್ತಾರೆ. ಆ ಪೆಟ್ಟಿಗೆಗಳನ್ನು ಕೂರಿಸುವ ಮೆಕ್ಯಾನಿಕ್ ಸಿಕ್ಕರೆ ನಿಮ್ಮ ಕೆಲಸಕ್ಕೂ ಅವರೇ ಸರಿ.

ಎಲ್ಲವೂ ಒಂದೇ ತೆರೆಗೆ

ನಾಲ್ಕು ಕಂಪನಿಯ ಸಾಧನಕ್ಕೆ ನಾಲ್ಕು ಆ್ಯಪ್ ಎಂದಾದರೆ ಮನೆಯವರು ಯಾರೂ ಬಳಸುವುದಿಲ್ಲ. ಆಂಡ್ರಾಯ್ಡ್ ಮನೆಗೆ ಗೂಗಲ್ ಹೋಮ್ ಸಾಕು. ಅದರಲ್ಲಿ ತಯಾರಕರ ಖಾತೆ ಜೋಡಿಸಿದರೆ ಸಾಧನಗಳು ಬಂದು ಸೇರುತ್ತವೆ, ಕೋಣೆವಾರು ಹಂಚಿಕೊಳ್ಳಬಹುದು. ಐಫೋನ್ ಮನೆಗೆ ಆ್ಯಪಲ್‌ನ ಹೋಮ್ ಆ್ಯಪ್. ಹೊರಗಿನಿಂದ ನಿಯಂತ್ರಿಸಲು ಅದಕ್ಕೆ ಮನೆಯಲ್ಲಿ ಅದೇ ಕಂಪನಿಯ ಹೋಮ್‌ಪಾಡ್ ಸ್ಪೀಕರ್ ಅಥವಾ ಆ್ಯಪಲ್ ಟಿವಿ ಬೇಕು; ಹಳೆಯ ಐಪ್ಯಾಡನ್ನು ಆ ಕೆಲಸಕ್ಕೆ ಇಡಬಹುದೆಂಬ ಹಿಂದಿನ ಸಲಹೆ ಹೊಸ ವ್ಯವಸ್ಥೆಯಲ್ಲಿ ನಡೆಯುವುದಿಲ್ಲ.

ನಾನು ಆರಿಸಿಕೊಂಡದ್ದು ಹೋಮ್ ಅಸಿಸ್ಟೆಂಟ್. ಪೌಲಸ್ ಸ್ಕೌಟ್ಸನ್ 2013ರಲ್ಲಿ ಆರಂಭಿಸಿದ ಮುಕ್ತ ತಂತ್ರಾಂಶ ಇದು. ಮನೆಯಲ್ಲೇ ಇರುವ ಪುಟ್ಟ ಕಂಪ್ಯೂಟರಿನಲ್ಲಿ ಓಡುತ್ತದೆ. ರಾಸ್ಪ್‌ಬೆರಿ ಪೈ 4 ಅಥವಾ 5 ಸಾಕು. ನಿಮ್ಮ ಮಾಮೂಲಿ ಕಂಪ್ಯೂಟರಿನಲ್ಲಿ ರಾಸ್ಪ್‌ಬೆರಿ ಪೈ ಇಮೇಜರ್ ಎಂಬ ತಂತ್ರಾಂಶ ತೆರೆದು, ಪಟ್ಟಿಯಿಂದ ಹೋಮ್ ಅಸಿಸ್ಟೆಂಟ್ ಆರಿಸಿ ಮೆಮೊರಿ ಕಾರ್ಡಿಗೆ ಬರೆಯಿರಿ. ಕಾರ್ಡನ್ನು ಪೈಗೆ ಹಾಕಿ, ರೂಟರಿಗೆ ಕೇಬಲ್ ಸಿಕ್ಕಿಸಿ, ವಿದ್ಯುತ್ ಕೊಟ್ಟು ಕಾಯಿರಿ. ಫೋನಿನಲ್ಲಿ ಹೋಮ್ ಅಸಿಸ್ಟೆಂಟ್ ಆ್ಯಪ್ ತೆರೆದರೆ ಅದು ಮನೆಯ ಜಾಲದಲ್ಲಿರುವ ಪೈಯನ್ನು ತಾನೇ ಹುಡುಕುತ್ತದೆ. ಸಿಗದಿದ್ದರೆ ಬ್ರೌಸರಿನಲ್ಲಿ ಪೈಯ ವಿಳಾಸ (ಮನೆಯ ಜಾಲದಲ್ಲಿ ರೂಟರ್ ಅದಕ್ಕೆ ಕೊಟ್ಟ ಸಂಖ್ಯೆ) ಬರೆದು, ಅದರ ಕೊನೆಗೆ ಕೋಲನ್ ಹಾಕಿ 8123 ಎಂದು ಬರೆಯಿರಿ. ಆ ವಿಳಾಸ ಬದಲಾಗದಂತೆ ರೂಟರಿನಲ್ಲಿ ಕಾಯ್ದಿರಿಸಿ. ಸದಾ ಬರೆಯುತ್ತಿರುವುದರಿಂದ ಮೆಮೊರಿ ಕಾರ್ಡ್ ಸವೆಯುತ್ತದೆ. ಕೈಗೆಟುಕಿದರೆ ಅದರ ಬದಲು ಹೆಚ್ಚು ಬಾಳುವ ಎಸ್‌ಎಸ್‌ಡಿ ಡಿಸ್ಕ್ ಹಾಕಿ. ಬ್ಯಾಕಪ್ಪನ್ನೂ ಅದನ್ನು ತೆರೆಯುವ ಕೀಲಿಯನ್ನೂ ಪೈಯಿಂದ ಹೊರಗೆ ಬೇರೆಡೆ ಇಟ್ಟುಕೊಳ್ಳಿ.

ಕಲಿಯಲು ಒಂದೆರಡು ವಾರಾಂತ್ಯ ಬೇಕು. ಅಷ್ಟು ಬಿಡುವಿಲ್ಲದವರು ಗೂಗಲ್ ಹೋಮ್‌ನಲ್ಲೇ ಇರಿ, ಅದರಲ್ಲಿ ಕುಂದೇನಿಲ್ಲ.

ಗೋಡೆಯ ಟ್ಯಾಬ್ಲೆಟ್

ಫೋನು ಒಬ್ಬರದು, ಗೋಡೆಯ ಟ್ಯಾಬ್ಲೆಟ್ ಮನೆಯವರೆಲ್ಲರದು. ಮಕ್ಕಳ ಆನ್‌ಲೈನ್ ತರಗತಿಗೆಂದು ಕೊಂಡು ಈಗ ಕಪಾಟಿನಲ್ಲಿ ಮಲಗಿರುವ ಟ್ಯಾಬ್ಲೆಟ್ ಇದಕ್ಕೆ ಹೇಳಿ ಮಾಡಿಸಿದ್ದು. ಮೊದಲು ಅದನ್ನು ಫ್ಯಾಕ್ಟರಿ ರೀಸೆಟ್ ಮಾಡಿ. ಬ್ಯಾಂಕ್, ಇಮೇಲ್, ವಾಟ್ಸ್‌ಆ್ಯಪ್ ಯಾವುದೂ ಅದರಲ್ಲಿರಬಾರದು. ಮನೆಗೆ ಬಂದವರೆಲ್ಲ ಮುಟ್ಟುವ ವಸ್ತು ಅದು. ಬೇಕಾದ ಆ್ಯಪ್ ಆ ಹಳೆಯ ಆಂಡ್ರಾಯ್ಡ್‌ನಲ್ಲಿ ಸಿಗುತ್ತದೆಯೇ ಎಂದು ಗೋಡೆಗೆ ಮೊಳೆ ಹೊಡೆಯುವ ಮುನ್ನವೇ ನೋಡಿ.

ಜಾಗ ಆರಿಸುವಾಗ ಒಲೆಯ ಶಾಖ, ಕಿಟಕಿಯ ಬಿಸಿಲು ತಪ್ಪಿಸಿ. ಎತ್ತರವನ್ನು ಮನೆಯಲ್ಲಿ ಅತಿ ಗಿಡ್ಡದವರ ಕಣ್ಣಿಗೆ ಅಳೆಯಿರಿ. ನಾನು ಮೊದಲು ನನ್ನ ಎತ್ತರಕ್ಕೆ ಹಾಕಿಸಿದ್ದೆ. ಅಮ್ಮ ಪ್ರತಿ ಸಲ ತುದಿಗಾಲಲ್ಲಿ ನಿಲ್ಲುವುದನ್ನು ನೋಡಿ ಒಂದು ಗೇಣು ಕೆಳಗಿಳಿಸಿದೆ.

ತೆರೆ ಬೇರೆಡೆ ಜಾರದಂತೆ ಕಟ್ಟಿಹಾಕಬೇಕು. ಆಂಡ್ರಾಯ್ಡ್‌ನಲ್ಲಿ ಭದ್ರತೆಯ ಸೆಟ್ಟಿಂಗ್‌ನೊಳಗೆ ಆ್ಯಪ್ ಪಿನ್ ಮಾಡುವ ಸೌಲಭ್ಯವಿದೆ. ಇನ್ನೂ ಗಟ್ಟಿಯಾಗಿ ಬೇಕಾದರೆ ಫುಲ್ಲಿ ಕಿಯೋಸ್ಕ್ ಬ್ರೌಸರ್ ಎಂಬ ಆ್ಯಪ್ ಇದೆ. ಐಪ್ಯಾಡ್‌ನಲ್ಲಿ ಆ್ಯಕ್ಸೆಸಿಬಿಲಿಟಿ ಒಳಗಿನ ಗೈಡೆಡ್ ಆ್ಯಕ್ಸೆಸ್ ಆನ್ ಮಾಡಿ, ಪಕ್ಕದ ಅಥವಾ ಹೋಮ್ ಗುಂಡಿಯನ್ನು ಮೂರು ಸಲ ಒತ್ತಿ.

ಚಾರ್ಜರ್ ಹಗಲೂ ರಾತ್ರಿ ಸಿಕ್ಕಿಸಿಯೇ ಇಡಬೇಡಿ. ಆರು ತಿಂಗಳು ಹಾಗೆ ಬಿಟ್ಟಿದ್ದ ನಮ್ಮ ಮೊದಲ ಟ್ಯಾಬ್ಲೆಟ್ಟಿನ ಗಾಜು ಒಂದು ಮೂಲೆಯಲ್ಲಿ ಉಗುರಿನಷ್ಟು ಮೇಲೆದ್ದಿತ್ತು. ಒಳಗೆ ಬ್ಯಾಟರಿ ಊದಿತ್ತು. ಅಂಥದ್ದು ಕಂಡರೆ ಕೂಡಲೇ ಚಾರ್ಜರ್ ಕಿತ್ತು, ಚುಚ್ಚದೆ, ಒತ್ತದೆ, ಇ-ತ್ಯಾಜ್ಯ ಪಡೆಯುವವರಿಗೆ ಕೊಟ್ಟುಬಿಡಿ. ಈಗ ಚಾರ್ಜರನ್ನು ಸ್ಮಾರ್ಟ್ ಪ್ಲಗ್ಗಿಗೆ ಹಾಕಿದ್ದೇನೆ. ಹೋಮ್ ಅಸಿಸ್ಟೆಂಟ್ ಆ್ಯಪ್ ಟ್ಯಾಬ್ಲೆಟ್ಟಿನ ಬ್ಯಾಟರಿ ಮಟ್ಟ ತಿಳಿಸುತ್ತದೆ. ಶೇ. 35ಕ್ಕೆ ಇಳಿದರೆ ಪ್ಲಗ್ ಆನ್, ಶೇ. 75ಕ್ಕೆ ಏರಿದರೆ ಆಫ್.

ತೆರೆಯ ಮೇಲೆ ಆರು ಗುಂಡಿ, ಹೆಚ್ಚೆಂದರೆ ಎಂಟು. ಅಕ್ಷರ ದೊಡ್ಡದಾಗಿ, ಕನ್ನಡದಲ್ಲಿ. ಹೋಮ್ ಅಸಿಸ್ಟೆಂಟಿನಲ್ಲಿ ಗುಂಡಿಯ ಹೆಸರನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದು. ‘ಬಿಸಿನೀರು’ ಎಂಬ ಗುಂಡಿ ಆನ್ ಇದ್ದಾಗ ಕೆಂಪಾಗುವಂತೆ ಮಾಡಿದ್ದೇನೆ. ಅಮ್ಮ ಕನ್ನಡಕವಿಲ್ಲದೆಯೂ ದೂರದಿಂದ ಗುರುತಿಸುತ್ತಾರೆ. ಕೆಳಗೊಂದು ‘ಎಲ್ಲ ಆರಿಸು’ ಇದೆ. ರಾತ್ರಿ ಮಲಗುವ ಮುನ್ನ ಮನೆಯಲ್ಲಿ ಅತಿ ಹೆಚ್ಚು ಒತ್ತುವುದು ಅದನ್ನೇ.

ಫೋನಿನಲ್ಲಿ, ಮನೆಯ ಹೊರಗೆ

ದಿನಬಳಕೆಯ ಎರಡು ಮೂರು ಗುಂಡಿಗಳನ್ನು ವಿಜೆಟ್ ಮಾಡಿ ಮುಖಪುಟದಲ್ಲೇ ಇಟ್ಟುಕೊಳ್ಳಿ. ಮನೆ ತಲುಪುವಾಗ ಗೇಟಿನ ದೀಪ ಹೊತ್ತುವಂತೆ ಮಾಡಿದ್ದು ಆಗಾಗ ಕೈಕೊಡುತ್ತಿದ್ದರೆ, ಆ ಆ್ಯಪ್ ಹಿನ್ನೆಲೆಯಲ್ಲಿ ಓಡದಂತೆ ಫೋನಿನ ಬ್ಯಾಟರಿ ಉಳಿತಾಯ ತಡೆಯುತ್ತಿರಬಹುದು. ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಆ ನಿರ್ಬಂಧ ತೆಗೆಯಿರಿ. ಮನೆಯವರನ್ನು ಆ್ಯಪಿಗೆ ಸೇರಿಸುವಾಗ ನಿಮ್ಮ ಪಾಸ್‌ವರ್ಡ್ ಹಂಚಬೇಡಿ, ಪ್ರತಿಯೊಬ್ಬರಿಗೂ ಬೇರೆ ಖಾತೆಯಿರಲಿ.

ಹೊರಗಿನಿಂದ ಹೋಮ್ ಅಸಿಸ್ಟೆಂಟ್ ತಲುಪಲು ರೂಟರಿನಲ್ಲಿ ಪೋರ್ಟ್ (ಹೊರಗಿನವರು ಒಳಬರುವ ದಾರಿ) ತೆರೆಯಿರಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಟೇಲ್‌ಸ್ಕೇಲ್‌ನಂಥ ಖಾಸಗಿ ಸುರಂಗ ಬಳಸಿ, ಇಲ್ಲವೇ ಹೋಮ್ ಅಸಿಸ್ಟೆಂಟಿನ ಹಿಂದಿರುವ ನಬು ಕಾಸಾ ಕಂಪನಿಯ ಚಂದಾ ಸೇವೆ ಪಡೆಯಿರಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಕ್ಯಾಮೆರಾ, ರೂಟರ್‌ಗಳಿಗೆ ನುಗ್ಗಿ ದೊಡ್ಡ ದೊಡ್ಡ ಜಾಲತಾಣಗಳನ್ನೇ ಕೆಡವಿತ್ತು. ಅದು ನುಗ್ಗಿದ್ದು ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಯಾರೂ ಬದಲಿಸದೆ ಬಿಟ್ಟಿದ್ದ ಸಾಧನಗಳಿಗೆ. ರೂಟರಿನ ಸೆಟ್ಟಿಂಗ್ ತೆರೆಯುವ ಪಾಸ್‌ವರ್ಡನ್ನು (ವೈಫೈನದನ್ನಲ್ಲ) ಇಂದೇ ಬದಲಿಸಿ, ಆ್ಯಪ್ ಖಾತೆಗಳಿಗೆ ಎರಡು ಹಂತದ ದೃಢೀಕರಣ ಹಾಕಿ.

ದೂರದ ಊರಲ್ಲೋ ಪರದೇಶದಲ್ಲೋ ಇದ್ದು, ಇಲ್ಲಿನ ತಂದೆತಾಯಿಯ ಮನೆಗೆ ಇದನ್ನೆಲ್ಲ ಕೂರಿಸುವವರಲ್ಲಿ ಒಂದು ವಿನಂತಿ. ಅವರನ್ನು ಕೇಳದೆ ಕ್ಯಾಮೆರಾ ಹಾಕಬೇಡಿ. ಅಪ್ಪ ಹಾಲ್ ಲೈಟ್ ಹಾಕಿಕೊಂಡು ಕೂತಿರುವಾಗ ಅಲ್ಲಿಂದ ಆರಿಸಬೇಡಿ. ಬೆಳಗ್ಗೆ ಏಳಕ್ಕೆ ಅಡುಗೆಮನೆಯ ದೀಪ ಹೊತ್ತಿತು ಎಂಬ ಸಂದೇಶ ನಿಮ್ಮ ಫೋನಿಗೆ ಬಂದರೆ ಅವರು ಎದ್ದಿದ್ದಾರೆ ಎಂದು ತಿಳಿಯುತ್ತದೆ. ಅಷ್ಟು ಸಾಕು.

ಒಪ್ಪಿಸುವ ಮುನ್ನ ಪರೀಕ್ಷೆ

ಎಲ್ಲ ಮುಗಿದ ಮೇಲೆ ಒಂದು ಭಾನುವಾರ ಬಿಡುವು ಮಾಡಿಕೊಳ್ಳಿ. ಮೊದಲು ಇಂಟರ್ನೆಟ್ ಕೇಬಲ್ ಮಾತ್ರ ಕಿತ್ತು ನೋಡಿ, ಗೋಡೆಯ ಟ್ಯಾಬ್ಲೆಟ್ಟಿನಿಂದ ಏನೇನು ನಡೆಯುತ್ತದೆ? ಆಮೇಲೆ ರೂಟರ್ ಆರಿಸಿ, ಪ್ರತಿ ಗೋಡೆ ಸ್ವಿಚ್ಚನ್ನೂ ಒತ್ತಿ. ಕೊನೆಗೆ ಮೇನ್ ಇಳಿಸಿ, ಐದು ನಿಮಿಷ ಬಿಟ್ಟು ಏರಿಸಿ. ಗೀಸರ್, ಮೋಟಾರ್ ಆಫ್ ಆಗಿಯೇ ಉಳಿದವೇ? ಟ್ಯಾಂಕಿನ ಫ್ಲೋಟನ್ನು ಕೈಯಿಂದ ಮೇಲೆತ್ತಿ, ಓಡುವ ಮೋಟಾರ್ ನಿಂತಿತೇ? ಯಾವುದಾದರೂ ತಪ್ಪಿದರೆ ಅಂದೇ ಸರಿಪಡಿಸಿ.

ನಂತರ ಒಂದು ಹಾಳೆಯಲ್ಲಿ ಯಾವ ಬೋರ್ಡಿನ ಹಿಂದೆ ಯಾವ ಮಾಡ್ಯೂಲ್ ಇದೆ, ಕಾಂಟ್ಯಾಕ್ಟರ್ ಎಲ್ಲಿದೆ, ಎಲ್ಲವನ್ನೂ ಬಿಟ್ಟು ಹಳೆಯ ಸ್ವಿಚ್ಚಿನಲ್ಲೇ ಮೋಟಾರ್ ನಡೆಸುವುದು ಹೇಗೆ ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ಎಲೆಕ್ಟ್ರಿಷಿಯನ್‌ನ ಫೋನ್ ನಂಬರ್ ಕೆಳಗಿರಲಿ. ಆ ಹಾಳೆಯನ್ನು ಮೇನ್ ಬೋರ್ಡಿನ ಬಾಗಿಲ ಒಳಮೈಗೆ ಅಂಟಿಸಿ, ನೀವು ಊರಲ್ಲಿಲ್ಲದಾಗ ಮನೆಯಲ್ಲಿರುವವರಿಗೆ ಒಮ್ಮೆ ತೆರೆದು ತೋರಿಸಿ.